ಜೋಶ್ ಗಿಬ್ಸನ್: ಸತ್ತು 77 ವರ್ಷಗಳ ಬಳಿಕ ಲೆಕ್ಕಕ್ಕೆ ಬಂದ ಆಟಗಾರ

1933ನೇ ಇಸವಿಯಲ್ಲಿ ಅಮೇರಿಕಾದ ಶಿಕಾಗೋ ನಗರದ ಕೊಮಿಸ್ಕಿ ಪಾರ್ಕ್ ಎಂಬ ಮೈದಾನದಲ್ಲಿ, ಎರಡು ತಿಂಗಳ ಅಂತರದಲ್ಲಿ, ಎರಡು ದೊಡ್ಡ ಬೇಸ್‌ಬಾಲ್ ಪಂದ್ಯಗಳು ನಡೆದವು. ಮೊದಲನೆಯದು ಜುಲೈ 6ರಂದು. ಆ ದೇಶದ ಎರಡು ಪ್ರತಿಸ್ಪರ್ಧಿ ಸಂಘಟನೆಗಳಾದ ಅಮೇರಿಕನ್ ಲೀಗ್ ಮತ್ತು ನ್ಯಾಷನಲ್ ಲೀಗ್‌ಗಳು ತಮ್ಮ ತಮ್ಮ ತಂಡಗಳಿಂದ ಆಯ್ದ ಅತ್ಯುತ್ತಮ ಆಟಗಾರರನ್ನು ಕಣಕ್ಕಿಳಿಸಿದ ಪ್ರಥಮ ತಾರಾ ಪಂದ್ಯವದು. ಆ ವರ್ಷ ಶಿಕಾಗೋದಲ್ಲಿ ವಿಶ್ವ ವಸ್ತುಪ್ರದರ್ಶನ ಏರ್ಪಟ್ಟಿತ್ತು. ಅದರ ಜೊತೆಯಲ್ಲಿ ಇಂತಹ ಒಂದು ಪಂದ್ಯವೂ ನಡೆಯಲಿ ಎಂಬುದು 'ಶಿಕಾಗೋ ಟ್ರಿಬ್ಯೂನ್' ಪತ್ರಿಕೆಯ ಕ್ರೀಡಾ ಸಂಪಾದಕ ಆರ್ಚ್ ವಾರ್ಡ್‌ನ ಯೋಜನೆಯಾಗಿತ್ತು. 47,000ಕ್ಕೂ ಮಿಕ್ಕಿ ಜನ ಸೇರಿದರು. ಜಗದ್ವಿಖ್ಯಾತ ಆಟಗಾರ ಬೇಬ್ ರೂತ್ ಚೆಂಡನ್ನು ಮೈದಾನದ ಆಚೆಗೆ ಅಟ್ಟಿ ತಾರಾ ಪಂದ್ಯಗಳ ಮೊತ್ತಮೊದಲ 'ಹೋಮ್ ರನ್' ಗಳಿಸಿದ. ಅಮೇರಿಕನ್ ಲೀಗ್ 4-2ರಿಂದ ಗೆದ್ದಿತು. ಇವೆಲ್ಲ ಚರಿತ್ರೆಯ ಪುಸ್ತಕಗಳಲ್ಲಿ ಅಂದೇ ದಾಖಲಾದುವು.

ಎರಡನೆಯ ಪಂದ್ಯ ನಡೆದುದು ಸೆಪ್ಟೆಂಬರ್ 10ರಂದು. ಅದೇ ಮೈದಾನ, ಅದೇ ಆಟ, ಅದೇ ನಿಯಮ. ಆದರೆ ಆಡಿದವರೆಲ್ಲ ಕರಿಯರು. 'ಪೂರ್ವ-ಪಶ್ಚಿಮ ಪಂದ್ಯ' ಎಂದು ಅದರ ಹೆಸರು. ಸುಮಾರು 20,000 ಜನ ನೋಡಿದರು. ಪಶ್ಚಿಮದ ತಂಡ 11-7ರಿಂದ ಗೆದ್ದಿತು. ಈ ಪಂದ್ಯವನ್ನು ಮಾತ್ರ ಅಧಿಕೃತ ದಾಖಲೆಯವರು ಕಣ್ಣೆತ್ತಿಯೂ ನೋಡಲಿಲ್ಲ. ಅಂದಿನ ಅಮೇರಿಕಾದಲ್ಲಿ ಬಿಳಿಯರ ಲೀಗ್‌ಗಳೇ 'ಪ್ರಧಾನ' ಲೀಗ್‌ಗಳು; ಉಳಿದವು ಲೆಕ್ಕಕ್ಕಿಲ್ಲದವು.

ಲೆಕ್ಕಕ್ಕಿಲ್ಲದ ಆ ಲೋಕದಲ್ಲಿ ಬೆಳೆದು, ಅಲ್ಲಿಯೇ ಆಡಿ, ಅಲ್ಲಿಯೇ ಮಡಿದ ಮಹಾನ್ ಆಟಗಾರ ಜೋಶ್ ಗಿಬ್ಸನ್. ಆತನ ಜೀವನ ವೃತ್ತಾಂತವನ್ನು ನಮ್ಮ ವಾಚಕರ ಮುಂದಿಡಬೇಕೆಂದು ನಾವು ಬಯಸಿದ್ದೇವೆ.

ನಮ್ಮ ಊರುಗಳಲ್ಲಿ ಕ್ರಿಕೆಟ್, ಫುಟ್‌ಬಾಲ್, ಕಬಡ್ಡಿಗಳನ್ನು ಬಲ್ಲವರು ಅನೇಕರಿದ್ದರೂ ಬೇಸ್‌ಬಾಲನ್ನು ಕಂಡವರು ಕಡಿಮೆ. ಆದುದರಿಂದ ಎರಡು ಮಾತು ಹೇಳುವುದು ಅವಶ್ಯ. ಇದು ಕ್ರಿಕೆಟಿನ ದೂರದ ಸಂಬಂಧಿಯೆನ್ನಬಹುದು. ತಂಡವೊಂದಕ್ಕೆ 9 ಮಂದಿ. ಬೌಲರನ ಬದಲು 'ಪಿಚರ್' ಎಂಬವನಿದ್ದಾನೆ. ಆತ ಚೆಂಡನ್ನು ನೆಲಕ್ಕೆ ತಾಗಿಸದೆ ನೇರವಾಗಿ ಎಸೆಯುತ್ತಾನೆ. ಎದುರಾಳಿ ಒನಕೆಯಂತೆ ದುಂಡಗಿರುವ ಬ್ಯಾಟಿನಿಂದ ಅದನ್ನು ಹೊಡೆದು, ಮೈದಾನದ ನಾಲ್ಕು ಮೂಲೆಗಳಲ್ಲಿರುವ ನೆಲೆಗಳನ್ನು ಸುತ್ತಿ ಬಂದರೆ ಒಂದು ಓಟ. ಚೆಂಡು ಬೇಲಿಯನ್ನು ದಾಟಿ ಹೋದರೆ ಅದು ಹೋಮ್ ರನ್. ನಮ್ಮ ಸಿಕ್ಸರಿಗೆ ಸಮಾನ. ಬ್ಯಾಟುಗಾರನ ಹಿಂದೆ, ವಿಕೆಟ್‌ಕೀಪರನ ಸ್ಥಾನದಲ್ಲಿ, ಮುಖಕ್ಕೆ ಕಬ್ಬಿಣದ ಜಾಲರಿ ಕಟ್ಟಿಕೊಂಡು ಕುಕ್ಕರಗಾಲಿನಲ್ಲಿ ಕುಳಿತವನು 'ಕ್ಯಾಚರ್'. ಮೊಣಕಾಲನ್ನು ಸವೆಸುವ ಕಠಿಣ ಕೆಲಸವದು. ಗಿಬ್ಸನ್ ಕ್ಯಾಚರನಾಗಿದ್ದ. ಜೊತೆಗೆ ಆತನ ಕಾಲದ ಅತಿ ಬಲಿಷ್ಠ ಹೊಡೆತಗಾರನೂ ಆಗಿದ್ದ.

ಗಿಬ್ಸನ್ ಹುಟ್ಟಿದುದು 1911ರ ಡಿಸೆಂಬರ್ 21ರಂದು, ದಕ್ಷಿಣದ ಜಾರ್ಜಿಯಾ ರಾಜ್ಯದ ಬ್ಯೂನಾ ವಿಸ್ಟಾ ಎಂಬಲ್ಲಿ. ಆ ಸೀಮೆಯ ಕರಿಯರ ಬಾಳು ಎಂತಹದೆಂಬುದನ್ನು ವಿವರಿಸಬೇಕಾಗಿಲ್ಲ. ಬೇಸಾಯದಲ್ಲಿ ಹೊಟ್ಟೆ ತುಂಬದು, ಬಿಳಿಯರ ದಬ್ಬಾಳಿಕೆಗೆ ಕೊನೆಯಿಲ್ಲ. ಸಾವಿರಾರು ಕುಟುಂಬಗಳು ಉತ್ತರದ ಕಾರ್ಖಾನೆ ಪಟ್ಟಣಗಳಿಗೆ ಗುಳೆ ಹೊರಟ ಕಾಲವದು. ಗಿಬ್ಸನ್‌ನ ತಂದೆ ಮಾರ್ಕ್ ಮೊದಲು ತಾನೊಬ್ಬನೇ ಪಿಟ್ಸ್‌ಬರ್ಗಿಗೆ ಹೋಗಿ ಉಕ್ಕಿನ ಕಾರ್ಖಾನೆಯಲ್ಲಿ ಕೆಲಸ ಹಿಡಿದು, ಆ ಮೇಲೆ ಹೆಂಡತಿ ಮಕ್ಕಳನ್ನು ಕರೆಸಿಕೊಂಡ. ಹುಡುಗ ವಿದ್ಯುತ್ ಕೆಲಸ ಕಲಿಯಲು ವೃತ್ತಿ ಶಾಲೆಗೆ ಸೇರಿದನಾದರೂ ಒಂಭತ್ತನೆಯ ತರಗತಿಯ ಬಳಿಕ ಬಿಟ್ಟು, ರೈಲು ಬ್ರೇಕುಗಳನ್ನು ತಯಾರಿಸುವ ಕಾರ್ಖಾನೆಗೆ ದುಡಿಯಲು ಹೋದ. ಬಿಡುವಿನಲ್ಲಿ ಬೇಸ್‌ಬಾಲ್. ಹದಿನಾರು ಹದಿನೇಳರ ಪ್ರಾಯಕ್ಕೇ ಆತನ ತೋಳಿನ ಬಲದ ಸುದ್ದಿ ಕೇರಿಯಲ್ಲೆಲ್ಲ ಹಬ್ಬಿತ್ತು.

ಕರಿಯ ಆಟಗಾರನೆದುರು ಅಂದು ಒಂದು ಗೋಡೆಯಿತ್ತು. 1884ರ ಬಳಿಕ ಪ್ರಧಾನ ಲೀಗ್‌ಗಳಲ್ಲಿ ಕರಿಯನೆಂದು ತಿಳಿದ ಒಬ್ಬನನ್ನೂ ಸೇರಿಸಿರಲಿಲ್ಲ. ಹಾಗೆಂದು ಎಲ್ಲಿಯೂ ಬರೆದಿಟ್ಟ ನಿಯಮವಿರಲಿಲ್ಲ. ತಂಡದ ಒಡೆಯರು ತಮ್ಮೊಳಗೆ ಮಾಡಿಕೊಂಡ ಮೌನ ಒಪ್ಪಂದ ಅದು. ಬರೆದ ನಿಯಮವನ್ನಾದರೆ ನ್ಯಾಯಾಲಯದಲ್ಲಿ ಪ್ರಶ್ನಿಸಬಹುದು. ಬರೆಯದುದನ್ನು ಎಲ್ಲಿ ಪ್ರಶ್ನಿಸುವುದು? ಹೀಗಾಗಿ ಕರಿಯರು ತಮ್ಮದೇ ತಂಡಗಳನ್ನು ಕಟ್ಟಿದರು. 1920ರಲ್ಲಿ ರೂಬ್ ಫೋಸ್ಟರ್ ಎಂಬ ದಕ್ಷ ಸಂಘಟಕ 'ನೀಗ್ರೋ ನ್ಯಾಷನಲ್ ಲೀಗ್' ಸ್ಥಾಪಿಸಿದ. ಆರ್ಥಿಕ ಮುಗ್ಗಟ್ಟಿನಲ್ಲಿ 1931ರಲ್ಲಿ ಅದು ಮುಚ್ಚಿತು.

ಗಿಬ್ಸನ್ ದೊಡ್ಡ ಆಟಕ್ಕೆ ಬಂದುದು 1930ರಲ್ಲಿ, ಹೋಮ್‌ಸ್ಟೆಡ್ ಗ್ರೇಸ್ ಎಂಬ ತಂಡದ ಮೂಲಕ. ಪಂದ್ಯದ ನಡುವೆ ಗ್ರೇಸ್‌ನ ಕ್ಯಾಚರನ ಕೈಗೆ ಗಾಯವಾಗಿ, ಪ್ರೇಕ್ಷಕರ ನಡುವೆ ಕುಳಿತಿದ್ದ ಈ ತರುಣನನ್ನೇ ಕರೆದು ಆಡಿಸಿದರೆಂದು ಪ್ರತೀತಿ. ಹೇಗೇ ಬಂದಿರಲಿ, ಬಂದವನು ಮತ್ತೆ ಹಿಂದಿರುಗಲಿಲ್ಲ.

ಕೀರ್ತಿ ಬಂದ ವರ್ಷವೇ ದುಃಖವೂ ಬಂತು. ಆ ಆಗಸ್ಟ್ ತಿಂಗಳಲ್ಲಿ ಗಿಬ್ಸನ್‌ನ ಪತ್ನಿ ಹೆಲೆನ್ ಹೆರಿಗೆಯಲ್ಲಿ ತೀರಿಕೊಂಡಳು. ಹುಟ್ಟಿದ ಅವಳಿ ಮಕ್ಕಳು, ಒಂದು ಗಂಡು ಒಂದು ಹೆಣ್ಣು, ಬದುಕಿದುವು. ತಂದೆಗೆ ಆಗಿನ್ನೂ 18ರ ಪ್ರಾಯ. ಮಕ್ಕಳಿಗೆ ತಂದೆ ತಾಯಿಯರ ಹೆಸರುಗಳನ್ನೇ ಇಟ್ಟರು. ಅವರನ್ನು ಸಾಕಿ ಸಲಹಿದವರು ಹೆಲೆನಳ ಮನೆಯವರು. ಗಿಬ್ಸನ್ ಊರೂರು ತಿರುಗುವ ಆಟದ ಬಾಳಿಗೆ ಇಳಿದ. ಆ ಏಟನ್ನು ಆತ ಯಾರೆದುರೂ ತೋರಿಸಿಕೊಳ್ಳಲಿಲ್ಲವೆಂದು ಜೊತೆಗಾರರು ಹೇಳುತ್ತಿದ್ದರು.

1932ರಲ್ಲಿ ಪಿಟ್ಸ್‌ಬರ್ಗ್ ಕ್ರಾಫರ್ಡ್ಸ್ ಎಂಬ ಇನ್ನೊಂದು ತಂಡ ಆತನನ್ನು ಸೆಳೆದುಕೊಂಡಿತು. ಅದರ ಒಡೆಯ ಗಸ್ ಗ್ರೀನ್‌ಲೀ ಊಟದ ಹೋಟೆಲ್ ಇಟ್ಟುಕೊಂಡಿದ್ದವ. ನಮ್ಮಲ್ಲಿಯ ಮಟ್ಕಾವನ್ನು ಹೋಲುವ ನಂಬರಿನ ಜೂಜಿನಿಂದ ಹಣ ಮಾಡಿದ್ದವ. ಹಣದ ಮೂಲವೇನೇ ಇರಲಿ, ಕರಿಯರ ಬೇಸ್‌ಬಾಲಿಗೆ ಮರುಜೀವ ಕೊಟ್ಟವರಲ್ಲಿ ಆತನೇ ಪ್ರಮುಖ. ಸ್ವಂತ ಮೈದಾನ ಕಟ್ಟಿಸಿದ, 1933ರಲ್ಲಿ ಹೊಸ ನೀಗ್ರೋ ನ್ಯಾಷನಲ್ ಲೀಗ್ ಹುಟ್ಟುಹಾಕಿದ, ಅದೇ ವರ್ಷ ಪೂರ್ವ-ಪಶ್ಚಿಮ ಪಂದ್ಯಕ್ಕೂ ಮುಂದಾಳಾದ. ಕ್ರಾಫರ್ಡ್ಸ್ ತಂಡದಲ್ಲಿ ಗಿಬ್ಸನ್‌ನ ಜೊತೆಗಿದ್ದವರು ಪಿಚರ್ ಸ್ಯಾಚೆಲ್ ಪೇಜ್, ಮಿಂಚಿನ ಓಟದ ಕೂಲ್ ಪಾಪಾ ಬೆಲ್, ಆಸ್ಕರ್ ಚಾರ್ಲ್‌ಸ್ಟನ್, ಜೂಡಿ ಜಾನ್ಸನ್. ಈ ಐವರೂ ಮುಂದೆ ಬೇಸ್‌ಬಾಲಿನ ಕೀರ್ತಿಮಂದಿರವನ್ನು ಸೇರಿದವರು ಎಂದರೆ ಆ ತಂಡದ ಸತ್ವ ಊಹಿಸಬಹುದು.

ಪೂರ್ವ-ಪಶ್ಚಿಮ ಪಂದ್ಯ ಬರಿಯ ಆಟವಾಗಿರಲಿಲ್ಲ. ಅದೊಂದು ವಾರ್ಷಿಕ ಜಾತ್ರೆ. ಯಾರು ಆಡಬೇಕೆಂಬುದನ್ನು ಜನರೇ ಮತ ಹಾಕಿ ನಿಶ್ಚಯಿಸುತ್ತಿದ್ದರು. ಆ ಮತಗಳನ್ನು ಸಂಗ್ರಹಿಸಿದುವು 'ಪಿಟ್ಸ್‌ಬರ್ಗ್ ಕುರಿಯರ್', 'ಶಿಕಾಗೋ ಡಿಫೆಂಡರ್' ಮೊದಲಾದ ಕರಿಯರ ಪತ್ರಿಕೆಗಳು. ಮತದ ಪೆಟ್ಟಿಗೆಯ ಬಳಿ ಹೋಗಲು ದಕ್ಷಿಣದಲ್ಲಿ ಕರಿಯರು ಅಂಜಬೇಕಾಗಿದ್ದ ಕಾಲದಲ್ಲಿ, ಈ ಒಂದು ಮತವನ್ನಾದರೂ ಅವರು ನಿರ್ಭಯವಾಗಿ ಹಾಕಬಹುದಾಗಿತ್ತು. 1937ರಲ್ಲಿ 'ನೀಗ್ರೋ ಅಮೇರಿಕನ್ ಲೀಗ್' ಎಂಬ ಎರಡನೆಯ ಸಂಘಟನೆ ಹುಟ್ಟಿದ ಮೇಲೆ ಇದು ನಿಜಕ್ಕೂ ಎರಡು ಲೀಗ್‌ಗಳ ಹಣಾಹಣಿಯಾಯಿತು. ದೂರದೂರಿನವರು ರೈಲಿನಲ್ಲಿ, ಒಳ್ಳೆಯ ಉಡುಪು ತೊಟ್ಟು, ಶಿಕಾಗೋಕ್ಕೆ ಬರುತ್ತಿದ್ದರು. 1943ರ ಪಂದ್ಯಕ್ಕೆ 51,000ಕ್ಕಿಂತ ಹೆಚ್ಚು ಜನ ನೆರೆದರು. ಅದೇ ವರ್ಷ ಫಿಲಡೆಲ್ಫಿಯಾದಲ್ಲಿ ನಡೆದ ಬಿಳಿಯರ ತಾರಾ ಪಂದ್ಯಕ್ಕೆ ಬಂದವರು 32,000ದಷ್ಟು ಮಾತ್ರ. ಕರಿಯರ ಆಟಕ್ಕೆ ಜನ ಬರುವುದಿಲ್ಲ ಎಂಬ ನೆಪ ಅಲ್ಲಿಗೆ ನೆಲ ಕಚ್ಚಿತು.

ಈ ಪಂದ್ಯಗಳಲ್ಲಿ ಗಿಬ್ಸನ್ ವರ್ಷ ವರ್ಷವೂ ಜನರ ಆಯ್ಕೆಯಾಗುತ್ತಿದ್ದ. 1935ರ ಪಂದ್ಯವನ್ನು ಇಲ್ಲಿ ನೆನೆಯಬೇಕು. ಆ ವರ್ಷ ಕ್ರಾಫರ್ಡ್ಸ್‌ನವರು ಪಶ್ಚಿಮದ ಪಾಳಯದಲ್ಲಿದ್ದರು. ಒಂಭತ್ತು ಸರದಿಗಳು ಮುಗಿದರೂ ಸೋಲು ಗೆಲುವು ಇತ್ಯರ್ಥವಾಗದೆ ಆಟ 11ನೆಯದಕ್ಕೆ ಸಾಗಿತು. ಎರಡೂ ಕಡೆ 8 ಓಟಗಳು. ಪೂರ್ವದ ಪರ ಎಸೆಯುತ್ತಿದ್ದವನು ಕ್ಯೂಬಾ ದೇಶದ ಮೇಧಾವಿ ಮಾರ್ಟಿನ್ ಡಿಹೀಗೋ. ಆ ದಿನ ಮನಬಂದಂತೆ ಹೊಡೆಯುತ್ತಿದ್ದ ಗಿಬ್ಸನ್ ಎದುರು ಬಂದಾಗ, ಆತನೊಡನೆ ಪಂದ್ಯ ಕಟ್ಟುವುದೇ ಬೇಡವೆಂದು ಬೇಕೆಂತಲೇ ಬ್ಯಾಟಿಗೆಟುಕದಂತೆ ಎಸೆದು, ನಿಯಮದ ಪ್ರಕಾರ ಮೊದಲ ನೆಲೆಗೆ ಪುಕ್ಕಟೆ ನಡೆಯಗೊಟ್ಟರು. ಮುಂದಿನವ ಮ್ಯೂಲ್ ಸಟಲ್ಸ್. ಆತ ಚೆಂಡನ್ನು ಬೇಲಿಯಾಚೆ ಅಟ್ಟಿದ. ಮೂರು ಓಟಗಳು, ಪಶ್ಚಿಮಕ್ಕೆ 11-8ರ ಗೆಲುವು. ಪುಸ್ತಕದಲ್ಲಿ ಆ ಹೊಡೆತ ಸಟಲ್ಸ್‌ನದು. ಆದರೆ ಎದುರಾಳಿಗಳು ಅಂಜಿದುದು ಗಿಬ್ಸನ್‌ಗೆ ಎಂಬುದನ್ನು ಅಲ್ಲಿದ್ದವರೆಲ್ಲ ಕಂಡರು.

ವರ್ಷದ ಆ ಒಂದು ದಿನದ ವೈಭವ ಕಳೆದರೆ ಉಳಿದುದು ಬಸ್ಸಿನ ಬಾಳು. ಲೀಗ್ ಪಂದ್ಯಗಳ ಆದಾಯ ಸಾಲದೆ ತಂಡಗಳು ಊರೂರುಗಳಲ್ಲಿ, ಯಾರು ಸಿಕ್ಕಿದರೆ ಅವರೊಡನೆ ಆಡಬೇಕಾಗಿತ್ತು. ಒಂದೇ ದಿನ ಎರಡು ಮೂರು ಪಂದ್ಯಗಳು. ಹಲವು ಹೋಟೆಲುಗಳಲ್ಲಿ ಕರಿಯರಿಗೆ ಊಟವಿಲ್ಲ, ಕೋಣೆಯಿಲ್ಲ. ಬಸ್ಸಿನಲ್ಲಿಯೇ ನಿದ್ದೆ. ಚಳಿಗಾಲದಲ್ಲಿ ಕ್ಯೂಬಾ, ಪೋರ್ಟೊರಿಕೊ, ಮೆಕ್ಸಿಕೋ. ವರ್ಷವಿಡೀ ಕುಕ್ಕರಗಾಲಿನಲ್ಲಿ ಕುಳಿತ ಗಿಬ್ಸನ್‌ನ ಮೊಣಕಾಲುಗಳು ಬೇಗನೆ ಸವೆದುವು.

ಇಂತಹ ಬಾಳಿನಲ್ಲಿ ಲೆಕ್ಕ ಬರೆದಿಡುವವರು ಯಾರು? ಬರಹವಿಲ್ಲದಲ್ಲಿ ಕಥೆ ಬೆಳೆಯುತ್ತದೆ. ಪಿಟ್ಸ್‌ಬರ್ಗಿನಲ್ಲಿ ಗಿಬ್ಸನ್ ಹೊಡೆದ ಚೆಂಡು ಆಕಾಶದಲ್ಲಿ ಮರೆಯಾಗಿ, ಮರುದಿನ ಫಿಲಡೆಲ್ಫಿಯಾದ ಪಂದ್ಯದ ನಡುವೆ ಮೇಲಿನಿಂದ ಬಿತ್ತಂತೆ. ಅಲ್ಲಿಯ ಅಂಪಾಯರ್ ನಿನ್ನೆಯ ಊರಿನಲ್ಲಿ ನೀನು ಔಟಾದೆಯೆಂದು ತೀರ್ಪಿತ್ತನಂತೆ! ಇದು ನಗೆಯ ಕಥೆ. ಜನ ಆತನನ್ನು ಕರಿಯರ ಬೇಬ್ ರೂತ್ ಎಂದರು. ಇಬ್ಬರ ಆಟವನ್ನೂ ಕಂಡ ಕೆಲವರು, ರೂತನೇ ಬಿಳಿಯರ ಗಿಬ್ಸನ್ ಎಂದು ತಿರುಗಿಸಿ ಹೇಳುತ್ತಿದ್ದರು. ಆದರೆ ರೂತನ ಹೋಮ್ ರನ್‌ಗಳು 714 ಎಂದು ಶಾಲಾ ಬಾಲಕನಿಗೂ ಗೊತ್ತು. ಗಿಬ್ಸನ್‌ನವು ಎಷ್ಟು? ಕೆಲವರು 800ರ ಹತ್ತಿರ ಎಂದರು. ಇದರಲ್ಲಿ ಹಳ್ಳಿಯ ತಂಡಗಳೊಡನೆ ಆಡಿದ ಪಂದ್ಯಗಳೂ ಸೇರಿದ್ದುವು. ಲೀಗ್ ಪಂದ್ಯಗಳಲ್ಲಿ ಇಂದು ಖಚಿತವಾಗಿ ಸಿಕ್ಕಿರುವ ಲೆಕ್ಕ 200ಕ್ಕಿಂತ ಕಡಿಮೆ. ಕಥೆ ಎಷ್ಟೇ ಸೊಗಸಾದರೂ ಸಾಕ್ಷ್ಯವಾಗುವುದಿಲ್ಲ. ಕರಿಯ ಆಟಗಾರರಿಗೆ ಆದ ಅನ್ಯಾಯದ ಒಂದು ಮುಖವೇ ಇದು.

1937ರಲ್ಲಿ ಗಿಬ್ಸನ್ ಮತ್ತೆ ಗ್ರೇಸ್ ತಂಡದ ಪಾಲಾದ. ಅದೇ ವರ್ಷ ಡೊಮಿನಿಕನ್ ದೇಶದ ಸರ್ವಾಧಿಕಾರಿ ಟ್ರುಹೀಯೊನ ಹೆಸರಿನ ರಾಜಧಾನಿಯ ತಂಡಕ್ಕಾಗಿ, ಪೇಜ್ ಮತ್ತು ಬೆಲ್‌ರೊಡನೆ ಅಲ್ಲಿ ಹೋಗಿ ಆಡಿ ಗೆಲ್ಲಿಸಿಕೊಟ್ಟು ಬಂದ. ಗ್ರೇಸ್‌ನಲ್ಲಿ ಬಕ್ ಲೆನಾರ್ಡ್ ಎಂಬ ಇನ್ನೊಬ್ಬ ಹೊಡೆತಗಾರನ ಜೊತೆ ಸೇರಿ ಆತ ಕಟ್ಟಿದ ಜೋಡಿಯನ್ನು ಎದುರಿಸುವ ಪಿಚರುಗಳು ವಿರಳ. 1941ರಲ್ಲಿ ಹೆಚ್ಚಿನ ಸಂಬಳಕ್ಕಾಗಿ ಮೆಕ್ಸಿಕೋದ ವೆರಾಕ್ರೂಸ್ ತಂಡ ಸೇರಿದಾಗ ಗ್ರೇಸ್‌ನವರು ನ್ಯಾಯಾಲಯ ಹತ್ತಿದರು. ಮನೆ ಕಳೆದುಕೊಳ್ಳುವ ಪ್ರಸಂಗ ಬಂದು, 1942ರಲ್ಲಿ ಆತ ಹಿಂದಿರುಗಿದ. ನಡುವೆ ಪೋರ್ಟೊರಿಕೊದ ಚಳಿಗಾಲದ ಲೀಗ್‌ನಲ್ಲಿ ಆತ ಗಳಿಸಿದ ಸರಾಸರಿ .480, ಅಂದರೆ ಸಾವಿರ ಅವಕಾಶಗಳಿಗೆ 480 ಯಶಸ್ವೀ ಹೊಡೆತಗಳ ಪ್ರಮಾಣ. ಬೇಸ್‌ಬಾಲಿನಲ್ಲಿ 300 ಬಂದರೆ ಉತ್ತಮ ಆಟಗಾರ ಎನ್ನುತ್ತಾರೆ.

ಬಿಳಿಯರ ತಂಡದ ಒಡೆಯರಿಗೆ ಇದು ತಿಳಿಯದ ಸಂಗತಿಯಲ್ಲ. ಅವರ ತಂಡಗಳು ಪರವೂರಿಗೆ ಹೋದಾಗ ಅದೇ ಮೈದಾನಗಳನ್ನು ಬಾಡಿಗೆಗೆ ಹಿಡಿದು ಗ್ರೇಸ್‌ನವರು ಆಡುತ್ತಿದ್ದರು. ಬಾಡಿಗೆಯ ಹಣಕ್ಕೆ ಬಣ್ಣದ ಭೇದವಿರಲಿಲ್ಲ. ವಾಷಿಂಗ್ಟನ್ ತಂಡದ ಒಡೆಯ ಕ್ಲಾರ್ಕ್ ಗ್ರಿಫಿತ್ ಒಮ್ಮೆ ಗಿಬ್ಸನ್ ಮತ್ತು ಲೆನಾರ್ಡ್‌ರನ್ನು ಕಚೇರಿಗೆ ಕರೆಸಿ, ಪ್ರಧಾನ ಲೀಗ್‌ನಲ್ಲಿ ಆಡಲು ಮನಸ್ಸುಂಟೋ ಎಂದು ವಿಚಾರಿಸಿದನೆಂದು ಲೆನಾರ್ಡ್ ಮುಂದೆ ನೆನಪಿಸಿಕೊಂಡಿದ್ದಾನೆ. ಉಂಟು ಎಂದರು ಇಬ್ಬರೂ. ಮಾತು ಅಲ್ಲಿಗೇ ನಿಂತಿತು. 1942ರಲ್ಲಿ ಪಿಟ್ಸ್‌ಬರ್ಗಿನ ಪೈರೇಟ್ಸ್ ತಂಡ ಕರಿಯ ಆಟಗಾರರನ್ನು ಪರೀಕ್ಷಿಸಿ ನೋಡುವುದೆಂಬ ಪ್ರಕಟಣೆಯೂ ಬಂತು. ಪರೀಕ್ಷೆ ನಡೆಯಲೇ ಇಲ್ಲ. ಆಸೆ ತೋರಿಸಿ ಹಿಂದೆಗೆಯುವುದು ನೇರವಾಗಿ ಇಲ್ಲವೆನ್ನುವುದಕ್ಕಿಂತ ಕ್ರೂರವೆಂದು ನಮ್ಮ ಅಭಿಪ್ರಾಯ.

1943ರ ಜನವರಿ 1ರಂದು ಗಿಬ್ಸನ್ ಪ್ರಜ್ಞೆ ತಪ್ಪಿ ಬಿದ್ದ. ಮಿದುಳಿನಲ್ಲಿ ಗೆಡ್ಡೆಯಿದೆಯೆಂದು ವೈದ್ಯರು ಹೇಳಿದರೆಂದೂ, ಶಸ್ತ್ರಚಿಕಿತ್ಸೆಗೆ ಆತ ಒಪ್ಪಲಿಲ್ಲವೆಂದೂ ಮನೆಯವರು ಮುಂದೆ ತಿಳಿಸಿದ್ದಾರೆ. ತಲೆನೋವು, ಮನಸ್ಸಿನ ಕಳವಳ, ಅವುಗಳ ಮೇಲೆ ಕುಡಿತ. ಆಸ್ಪತ್ರೆಗೆ ಹೋಗುವುದು, ಬಂದು ಆಡುವುದು. ಆಶ್ಚರ್ಯವೆಂದರೆ ಅದೇ 1943ರಲ್ಲಿ ಆತನ ಸರಾಸರಿ .466. ರೋಗಿಯ ಆಟ ಅದೆಂದು ಯಾರು ನಂಬಿಯಾರು?

1945ರಲ್ಲಿ ಗೋಡೆ ಬಿರುಕು ಬಿಟ್ಟಿತು. ಬ್ರೂಕ್ಲಿನ್ ಡಾಜರ್ಸ್ ತಂಡದ ಬ್ರಾಂಚ್ ರಿಕಿ ಕರಿಯ ಆಟಗಾರನೊಬ್ಬನನ್ನು ಸೇರಿಸಿಕೊಳ್ಳುವುದಾಗಿ ಘೋಷಿಸಿದ. ಆದರೆ ಆರಿಸಿದುದು ಗಿಬ್ಸನ್‌ನನ್ನಲ್ಲ. ಆ ವರ್ಷದ ಪೂರ್ವ-ಪಶ್ಚಿಮ ಪಂದ್ಯದಲ್ಲಿ ಆಡಿದ್ದ, ಕಾಲೇಜು ಕಲಿತ ತರುಣ ಜಾಕಿ ರಾಬಿನ್‌ಸನ್‌ನನ್ನು. ಆಯ್ಕೆ ಸರಿಯಾಗಿಯೇ ಇತ್ತು. ರಾಬಿನ್‌ಸನ್ ಎಲ್ಲ ನಿಂದೆಯನ್ನೂ ನುಂಗಿ ಗೆದ್ದ ಧೀರ. ಆದರೆ ಹದಿನೈದು ವರ್ಷ ಆ ಬಾಗಿಲ ಹೊರಗೆ ನಿಂತವನಿಗೆ ಹೇಗಾಗಿರಬೇಡ? ಗಿಬ್ಸನ್‌ಗೆ ಆಗ 33ರ ಪ್ರಾಯ. ಮೊಣಕಾಲು ಸೋತಿತ್ತು, ದೇಹ ಕುಸಿದಿತ್ತು. 1946ರ ವರೆಗೂ ಗ್ರೇಸ್ ಪರ ಆಡಿದ. 1947ರ ಜನವರಿ 20ರಂದು ಪಿಟ್ಸ್‌ಬರ್ಗಿನಲ್ಲಿ, ತನ್ನ 35ನೇ ವಯಸ್ಸಿನಲ್ಲಿ, ಮಿದುಳಿನ ಆಘಾತದಿಂದ ಅಸುನೀಗಿದ. ಮೂರು ತಿಂಗಳು ತುಂಬುವ ಮೊದಲೇ, ಏಪ್ರಿಲ್ 15ರಂದು, ರಾಬಿನ್‌ಸನ್ ಬ್ರೂಕ್ಲಿನ್ ಪರ ಪ್ರಧಾನ ಲೀಗ್‌ನ ಮೈದಾನಕ್ಕಿಳಿದ.

ಮರುವರ್ಷ ಸ್ಯಾಚೆಲ್ ಪೇಜ್ ಕೂಡ, 42ರ ಪ್ರಾಯದಲ್ಲಿ, ಕ್ಲೀವ್‌ಲೆಂಡ್ ಸೇರಿದ. ಗಿಬ್ಸನ್‌ನಂತೆಯೇ ಕ್ಯಾಚರನಾಗಿದ್ದ ರಾಯ್ ಕ್ಯಾಂಪನೆಲ್ಲಾ ಬ್ರೂಕ್ಲಿನ್ ತಂಡ ಸೇರಿ ಮೂರು ಬಾರಿ ಲೀಗ್‌ನ ಶ್ರೇಷ್ಠ ಆಟಗಾರನೆನಿಸಿದ. ಹೀಗೆ ಉತ್ತಮರೆಲ್ಲ ಅತ್ತ ಹೋದಂತೆ ಕರಿಯರ ಲೀಗ್‌ಗಳು ಬಡವಾದುವು. ಪೂರ್ವ-ಪಶ್ಚಿಮ ಪಂದ್ಯ 1962ರಲ್ಲಿ ನಿಂತುಹೋಯಿತು. ಗಿಬ್ಸನ್‌ನ ಸಮಾಧಿಯ ಮೇಲೆ ಹೆಸರಿನ ಕಲ್ಲೂ ಇರಲಿಲ್ಲ. 1972ರಲ್ಲಿ ಆತನನ್ನೂ ಲೆನಾರ್ಡ್‌ನನ್ನೂ ಕೀರ್ತಿಮಂದಿರಕ್ಕೆ ಸೇರಿಸಿದ ಮೇಲೆ, 1975ರಲ್ಲಿ, ಹಳೆಯ ಜೊತೆಗಾರ ಟೆಡ್ ಪೇಜ್ ಮತ್ತು ಬೇಸ್‌ಬಾಲಿನ ಆಗಿನ ಮುಖ್ಯಾಧಿಕಾರಿ ಬೋವಿ ಕೂನ್ ಮುತುವರ್ಜಿಯಿಂದ ಅಲ್ಲೊಂದು ಕಲ್ಲು ನಿಂತಿತು.

ಆದರೂ ಲೆಕ್ಕದ ಪ್ರಶ್ನೆ ಉಳಿದಿತ್ತು. ಯಾವ ಲೀಗ್‌ಗಳನ್ನು ಪ್ರಧಾನವೆಂದು ಎಣಿಸಬೇಕೆಂದು ನಿರ್ಧರಿಸಲು 1969ರಲ್ಲಿ ಕುಳಿತ ಸಮಿತಿ ಕರಿಯರ ಲೀಗ್‌ಗಳನ್ನು ಪರಿಗಣಿಸಲೇ ಇಲ್ಲ. ದಾಖಲೆಗಳೆಲ್ಲಿವೆ ಎಂಬುದು ಸುಲಭದ ಪ್ರಶ್ನೆಯಾಗಿತ್ತು. ಉತ್ತರ ಹುಡುಕಿದವರು ಕೆಲವು ಹವ್ಯಾಸಿ ಸಂಶೋಧಕರು. ದಶಕಗಳ ಕಾಲ ಗ್ರಂಥಾಲಯಗಳಲ್ಲಿ ಕುಳಿತು 'ಕುರಿಯರ್', 'ಡಿಫೆಂಡರ್', ಬಾಲ್ಟಿಮೋರಿನ 'ಆಫ್ರೋ-ಅಮೇರಿಕನ್' ಮುಂತಾದ ಪತ್ರಿಕೆಗಳ ಹಳೆಯ ಸಂಚಿಕೆಗಳನ್ನು ಪುಟ ಪುಟವಾಗಿ ಮಗುಚಿ, ಮೂಲೆಯಲ್ಲಿ ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿದ್ದ ಪಂದ್ಯಗಳ ಅಂಕಪಟ್ಟಿಗಳನ್ನು ಒಂದೊಂದಾಗಿ ನಕಲು ಮಾಡಿದರು.

2020ರ ಡಿಸೆಂಬರಿನಲ್ಲಿ ಅಮೇರಿಕಾದ ಬೇಸ್‌ಬಾಲ್ ಆಡಳಿತ 1920ರಿಂದ 1948ರ ವರೆಗಿನ ಏಳು ಕರಿಯರ ಲೀಗ್‌ಗಳಿಗೆ ಪ್ರಧಾನ ಲೀಗ್‌ನ ಸ್ಥಾನಮಾನ ಕೊಟ್ಟಿತು. 2024ರ ಮೇ ತಿಂಗಳಲ್ಲಿ, ಅದುವರೆಗೆ ದೊರೆತಿದ್ದ ಸುಮಾರು ಮುಕ್ಕಾಲು ಪಾಲು ಪಂದ್ಯಗಳ ಲೆಕ್ಕವನ್ನು ಅಧಿಕೃತ ಪುಸ್ತಕಕ್ಕೆ ಸೇರಿಸಿತು. ಟೈ ಕಾಬ್ ಎಂಬ ಬಿಳಿಯ ಆಟಗಾರ .367ರ ಸರಾಸರಿಯೊಂದಿಗೆ ಸುಮಾರು ಒಂದು ಶತಮಾನ ಕಾಲ ಕುಳಿತಿದ್ದ ಅಗ್ರಸ್ಥಾನಕ್ಕೆ .372ರೊಂದಿಗೆ ಗಿಬ್ಸನ್ ಬಂದ. ಹೊಡೆತದ ಬಲವನ್ನು ಅಳೆಯುವ ಇನ್ನೊಂದು ಲೆಕ್ಕದಲ್ಲಿ ಬೇಬ್ ರೂತನ .690ನ್ನೂ ಗಿಬ್ಸನ್‌ನ .718 ಮೀರಿಸಿತು. 1943ರ ಆ .466, ಒಂದು ವರ್ಷದ ಅತ್ಯುಚ್ಚ ಸರಾಸರಿಯೆನಿಸಿತು.

ಕರಿಯರ ಲೀಗ್‌ನ ವರ್ಷಾವಧಿ ಚಿಕ್ಕದು. ಅಷ್ಟು ಕಡಿಮೆ ಪಂದ್ಯಗಳ ಸರಾಸರಿಯನ್ನು ಇತರರದರೊಡನೆ ಹೋಲಿಸಬಹುದೇ ಎಂದು ಆಕ್ಷೇಪಿಸುವವರಿದ್ದಾರೆ. ಆಕ್ಷೇಪದಲ್ಲಿ ತಿರುಳಿಲ್ಲದಿಲ್ಲ. ಆದರೆ ವರ್ಷಾವಧಿಯನ್ನು ಚಿಕ್ಕದು ಮಾಡಿದವನು ಗಿಬ್ಸನ್ ಅಲ್ಲ. ಅದೇ ಮೈದಾನದಲ್ಲಿ ಅದೇ ಪಿಚರುಗಳೆದುರು ರೂತನೂ ಆತನೂ ಆಡಿದ್ದರೆ ಹೋಲಿಕೆಯ ತೊಡಕೇ ಇರುತ್ತಿರಲಿಲ್ಲ. ಆ ಅವಕಾಶ ಗಿಬ್ಸನ್‌ಗೆ ಮಾತ್ರ ತಪ್ಪಿದುದಲ್ಲ, ರೂತನಿಗೂ ತಪ್ಪಿತು.

ಗಿಬ್ಸನ್ ಇದನ್ನು ನೋಡಲಿಲ್ಲ. ತಂದೆಯಂತೆ ಗ್ರೇಸ್ ಪರ ಆಡಿದ ಮಗನೂ 2003ರಲ್ಲಿ ತೀರಿಕೊಂಡುದರಿಂದ ನೋಡಲಿಲ್ಲ. ತಡವಾಗಿ ಬಂದ ನ್ಯಾಯ ಪೂರ್ಣ ನ್ಯಾಯವಲ್ಲ. ಆದರೂ ಅದು ಬಂದ ದಾರಿಯನ್ನು ನಾವು ಗಮನಿಸಬೇಕು. ದೊಡ್ಡ ಪತ್ರಿಕೆಗಳು ಹೆಚ್ಚಾಗಿ ಕಡೆಗಣಿಸಿದ ಪಂದ್ಯಗಳನ್ನು ಒಂದು ಜನವರ್ಗದ ಸಣ್ಣ ಪತ್ರಿಕೆಗಳು ಬಿಡದೆ ಅಚ್ಚು ಹಾಕಿದ್ದುವು. ಅಂದು ನಾಲ್ಕು ಕಾಸಿನ ಬೆಲೆಯಿಲ್ಲದಂತೆ ಕಂಡ ಆ ಅಂಕಪಟ್ಟಿಗಳೇ ಎಂಭತ್ತು ವರ್ಷಗಳ ಬಳಿಕ ಸಾಕ್ಷಿ ನುಡಿದುವು. ಅವನ್ನು ಅಚ್ಚು ಹಾಕಿದವರಿಗೂ, ಕಟ್ಟು ಕಟ್ಟಿ ಜೋಪಾನವಾಗಿಟ್ಟವರಿಗೂ ಗಿಬ್ಸನ್‌ನ ಈ ಗೌರವದಲ್ಲಿ ಪಾಲಿದೆಯೆಂದು ನಾವು ಭಾವಿಸುತ್ತೇವೆ.